ಸಹಿ ತಮ್ಮನದು

ಕೋಚ್ ಆ ಕಾಲೇಜಿಗೆ ಸೇರಿದಾಗ ಕುಸ್ತಿಗೆಂದು ಕೊಟ್ಟಿದ್ದು ರಸಾಯನಶಾಸ್ತ್ರದ ಲ್ಯಾಬಿನ ಹಿಂದಿದ್ದ ಹಳೆಯ ಉಗ್ರಾಣ. ಮುರಿದ ಬೆಂಚುಗಳನ್ನು ಒಂದು ಮೂಲೆಗೆ ಒಟ್ಟಿ ನಾಲ್ಕು ಮ್ಯಾಟು ಹಾಸಿದರೆ, ಗೋಡೆಗೂ ಮ್ಯಾಟಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯುವಷ್ಟು ಜಾಗ ಉಳಿಯುತ್ತಿತ್ತು. ಮ್ಯಾಟುಗಳ ಹೊಲಿಗೆ ಬಿಟ್ಟು ಒಳಗಿನ ಸ್ಪಂಜು ಇಣುಕುತ್ತಿತ್ತು. ಕೋಚ್ ಒಂದು ದಬ್ಬಣ ತಂದು ಮೊದಲ ವಾರವೆಲ್ಲ ತಾವೇ ಕೂತು ಹೊಲಿದರು. ಸೇರಿದ್ದು ಒಂಬತ್ತು ಹುಡುಗರು. ಅವರಲ್ಲಿ ಇಬ್ಬರು ಹಾಸ್ಟೆಲ್ ಸೀಟಿನ ಆಸೆಗೆ ಬಂದವರು. ಲ್ಯಾಬಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂದಾಗಲೆಲ್ಲ ಅವರು, ಸಾರ್, ನಮ್ಮನ್ನು ಚಿತ್ ಮಾಡೋಕೆ ಬೇರೆ ಕಾಲೇಜಿನವರು ಯಾಕೆ ಬರಬೇಕು, ಇದೇ ಸಾಕು ಎನ್ನುತ್ತಿದ್ದರು.

ಮೊದಲ ನಾಲ್ಕು ವರ್ಷ ಬರೀ ಸೋಲು. ಇವರ ಜೊತೆ ಆಟ ಬಿದ್ದರೆ ಎದುರಿನವರಿಗೆ ರಜೆ ಸಿಕ್ಕಷ್ಟು ಖುಷಿ. ಕೋಚ್ ಮಾತ್ರ ಕೂಗಾಡಿದವರಲ್ಲ. ಮ್ಯಾಟಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಹುಡುಗರ ಪಾದ ನೋಡುತ್ತಿದ್ದರು. ಕೈ ಸುಳ್ಳು ಹೇಳಬಹುದು, ಪಾದ ಹೇಳುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಆಟದ ಮಧ್ಯೆ ಅವರ ಬಾಯಿಂದ ಬರುತ್ತಿದ್ದದ್ದು ಎರಡೇ ಮಾತು: ಉಸಿರು ಬಿಡು. ಐದನೇ ವರ್ಷದಿಂದ ತಂಡ ನಿಧಾನವಾಗಿ ಮೇಲೆ ಬಂತು. ನಾಲ್ಕನೇ ಸ್ಥಾನ, ಮೂರನೇ ಸ್ಥಾನ, ಆಮೇಲೆ ಮೂರು ಸಲ ಎರಡನೇ ಸ್ಥಾನ. ಎರಡನೆಯವರು ಎಂಬ ಅಡ್ಡಹೆಸರೇ ಬಿತ್ತು ಕಾಲೇಜಿಗೆ. ಪ್ರಿನ್ಸಿಪಾಲರು ಎದುರು ಸಿಕ್ಕಾಗ ನಗುತ್ತ, ಈ ವರ್ಷವೂ ಬೆಳ್ಳಿಯೇನಾ ಎಂದು ಕೇಳುತ್ತಿದ್ದರು. ಕೋಚ್ ನಕ್ಕು ಸುಮ್ಮನಾಗುತ್ತಿದ್ದರು. ಮನೆಗೆ ಬಂದು ಊಟ ಬಿಡುತ್ತಿದ್ದರು.

ಮನೆಯಲ್ಲಿ ಕೆಳಗೆ ಕೋಚ್ ಮತ್ತು ಹೆಂಡತಿ, ಮಹಡಿಯ ಮೇಲೆ ಅವರ ತಮ್ಮ ಮತ್ತು ಅವನ ಹೆಂಡತಿ. ತಮ್ಮ ಡಾಕ್ಟರು. ಅಪ್ಪ ತೀರಿಕೊಂಡಾಗ ಕೋಚ್‌ಗೆ ಹತ್ತೊಂಬತ್ತು, ತಮ್ಮನಿಗೆ ಹನ್ನೊಂದು. ಆಗ ಕೋಚ್ ತಾವೇ ಒಳ್ಳೆಯ ಪಟು, ಆಯ್ಕೆಗಾರರ ಕಣ್ಣಿಗೆ ಬಿದ್ದಿದ್ದವರು. ಒಂದು ಬೆಳಿಗ್ಗೆ ಕುಸ್ತಿಯ ಶೂಗಳನ್ನು ಗೆಳೆಯನೊಬ್ಬನಿಗೆ ಕೊಟ್ಟು ಗೋದಾಮಿನ ಕೆಲಸಕ್ಕೆ ಹೋದರು. ತಮ್ಮ ಓದಿದ, ಡಾಕ್ಟರಾದ, ಅದೇ ಬೀದಿಯಲ್ಲಿ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಕ್ಲಿನಿಕ್ ಇಟ್ಟ. ಅಣ್ಣ ಆ ಶೂಗಳ ಮಾತು ಯಾವತ್ತೂ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ತಂಡಕ್ಕೆ ಒಬ್ಬ ಡಾಕ್ಟರು ಬೇಕು ಎಂದಾಗ ತಮ್ಮ ತಾನಾಗಿಯೇ ಬಂದ. ಭಾನುವಾರ ಉಗ್ರಾಣಕ್ಕೆ ಬಂದು ಹುಡುಗರ ಬೆರಳು ಕಟ್ಟುತ್ತಿದ್ದ, ಊದಿದ ಕಿವಿಗಳಿಂದ ರಕ್ತ ತೆಗೆಯುತ್ತಿದ್ದ.

ಒಂಬತ್ತನೇ ವರ್ಷ ಬಂದವನು ಬೆಂಡು. ನೀರಿನೊಳಗೆ ಎಷ್ಟು ಒತ್ತಿದರೂ ಬೆಂಡು ಮೇಲೇಳುವ ಹಾಗೆ, ಯಾರು ಕೆಳಗೆ ಹಾಕಿದರೂ ಇವನು ಎಲ್ಲಿಂದಲೋ ನುಸುಳಿ ಮೇಲೆದ್ದುಬಿಡುತ್ತಿದ್ದ. ಹುಡುಗರೇ ಇಟ್ಟ ಹೆಸರು. ಆಗ ಹದಿನೆಂಟು ವರ್ಷ, ಅಪ್ಪ ಅಮ್ಮ ಇಲ್ಲ. ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಅಕ್ಕನೇ ಸಾಕಿದವಳು. ವಾಚಾಳಿ. ತೂಕ ನೋಡುವ ದಿನ ತಕ್ಕಡಿಯ ಮೇಲೆ ನಿಂತು, ಸಾರ್, ಬೆಳಗಿನಿಂದ ಬೈಗುಳ ಬಿಟ್ಟು ಇನ್ನೇನೂ ತಿಂದಿಲ್ಲ ಎನ್ನುವವನು. ಕೋಚ್‌ಗೆ ಮಕ್ಕಳಿರಲಿಲ್ಲ. ಆ ಹುಡುಗ ಉಗ್ರಾಣದ ಬಾಗಿಲು ತಳ್ಳಿ ಒಳಗೆ ಬಂದರೆ ಅವರ ಮುಖದ ಗಂಟು ಸಡಿಲವಾಗುವುದನ್ನು ಎಲ್ಲರೂ ಕಂಡಿದ್ದರು.

ಹನ್ನೊಂದನೇ ವರ್ಷದ ಟೂರ್ನಿಗೆ ಮೂರು ವಾರ ಇರುವಾಗ ಅಭ್ಯಾಸದಲ್ಲಿ ಬೆಂಡು ತಲೆಗೆ ಪೆಟ್ಟು ತಿಂದ. ಎದುರಿನವನ ಮೊಣಕಾಲು ಕಪಾಲಕ್ಕೆ ಬಡಿದು ಎರಡು ದಿನ ತಲೆನೋವು, ವಾಂತಿ. ತಮ್ಮ ಹತ್ತು ದಿನ ಮ್ಯಾಟಿಗೆ ಇಳಿಯಬೇಡ ಎಂದ. ಆರನೇ ದಿನ ಅವನು ಇಳಿದ. ಕೋಚ್ ನೋಡಿಯೂ ನೋಡದವರ ಹಾಗೆ ಇದ್ದರು.

ಟೂರ್ನಿ ಬೇರೊಂದು ಕಾಲೇಜಿನಲ್ಲಿ. ಬೆಳಿಗ್ಗೆ ಸೆಮಿಫೈನಲ್. ಬೆಂಡು ಗೆದ್ದ. ಆದರೆ ಕೊನೆಯ ಕ್ಷಣದಲ್ಲಿ ಎದುರಾಳಿ ಅವನನ್ನು ಎತ್ತಿ ಒಗೆದಾಗ ಮ್ಯಾಟಿನ ಅಂಚು ದಾಟಿ ತಲೆ ಹಲಗೆಗೆ ಬಡಿಯಿತು. ನಾಲ್ಕೈದು ಸೆಕೆಂಡು ಅಲ್ಲಾಡಲಿಲ್ಲ. ಎದ್ದವನು ಕೈಕುಲುಕಿ, ಸೀದಾ ತನ್ನದಲ್ಲದ ಮೂಲೆಗೆ ನಡೆದ. ನಿಯಮದ ಪ್ರಕಾರ, ಹಾಗೆ ಬಿದ್ದವನು ಮುಂದಿನ ಆಟ ಆಡಬೇಕಾದರೆ ತಂಡದ ಡಾಕ್ಟರು ಕಾಗದದ ಮೇಲೆ ಬರೆದು ಕೊಡಬೇಕು. ಒಂದು ತರಗತಿಯನ್ನೇ ಡಾಕ್ಟರ ಕೋಣೆ ಮಾಡಿದ್ದರು. ಕರಿಹಲಗೆಯ ಮೇಲೆ ಯಾವುದೋ ಪಾಠದ ಅರ್ಧ ಅಳಿಸಿದ ಲೆಕ್ಕ. ತಮ್ಮ ಹುಡುಗನ ಕಣ್ಣಿಗೆ ಟಾರ್ಚು ಬಿಟ್ಟ, ಒಂಟಿ ಕಾಲಲ್ಲಿ ನಿಲ್ಲಿಸಿದ, ಏನೇನೋ ಕೇಳಿದ. ಆಮೇಲೆ ಹೊರಗೆ ಕೂರು ಎಂದು ಕಳಿಸಿ ಬಾಗಿಲು ಹಾಕಿಕೊಂಡ.

“ಆಗಲ್ಲ ಅಣ್ಣ. ಮೂರು ವಾರದಲ್ಲಿ ಇದು ಎರಡನೇ ಪೆಟ್ಟು. ಡಿಸೆಂಬರಿನಿಂದ ಹಿಂದಕ್ಕೆ ತಿಂಗಳು ಹೇಳು ಅಂದ್ರೆ ಸೆಪ್ಟೆಂಬರಿಗೆ ನಿಂತುಬಿಟ್ಟ.”

“ನನಗೂ ಬರಲ್ಲ ಅದು,” ಎಂದರು ಕೋಚ್.

ತಮ್ಮ ನಗಲಿಲ್ಲ. ಕೋಚ್ ಕಿಟಕಿಯ ಹತ್ತಿರ ಹೋಗಿ ನಿಂತರು. ಬೆಂಡು ಆಡದಿದ್ದರೆ ಆ ಪಾಯಿಂಟು ಹೋಯಿತು, ಪಾಯಿಂಟು ಹೋದರೆ ಮತ್ತೆ ಎರಡನೇ ಸ್ಥಾನ. ಅದು ಇಬ್ಬರಿಗೂ ಗೊತ್ತಿತ್ತು. ಆರು ನಿಮಿಷದ ಆಟ ಎಂದರು. ತಮ್ಮ ಗೊತ್ತು ಎಂದ. ಹನ್ನೊಂದು ವರ್ಷ ಆಯಿತು ಎಂದರು. ಅದಕ್ಕೂ ಗೊತ್ತು ಎಂದ. ಆಗ ಕೋಚ್ ತಿರುಗಿ ನಿಂತು ಕೇಳಿದರು.

“ನಾನು ನಿನ್ನನ್ನ ಇವತ್ತಿನವರೆಗೆ ಏನಾದ್ರೂ ಕೇಳಿದೀನಾ?”

ಗದರಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಆದರೆ ಬಿಡಿಸಿಕೊಳ್ಳಲು ಬಾರದ ಪಟ್ಟು ಯಾವುದು ಎಂದು ಆ ಕೋಣೆಯಲ್ಲಿ ಅವರಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ಟಾರ್ಚನ್ನು ಬದಿಗಿಟ್ಟು ತಮ್ಮ ಕೂತ. ಜೇಬಿನಿಂದ ಪೆನ್ನು ತೆಗೆದ. ಕಾಗದದ ಮೇಲೆ ‘ಆಡಬಹುದು’ ಎಂದು ಬರೆದು ಸಹಿ ಹಾಕಿದ.

ಮಧ್ಯಾಹ್ನದ ಫೈನಲ್‌ನಲ್ಲಿ ಬೆಂಡು ಎರಡು ಪಾಯಿಂಟ್ ಹಿಂದಿದ್ದ. ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ ಎದುರಾಳಿಯ ಕೆಳಗಿನಿಂದ ನುಸುಳಿ, ಅವನ ಬೆನ್ನಿಗೆ ಹೋಗಿ, ಅಲ್ಲಿಂದಲೇ ಅವನನ್ನು ಉರುಳಿಸಿ ಭುಜ ಒತ್ತಿ ಚಿತ್ ಮಾಡಿದ. ಸಭಾಂಗಣ ಎದ್ದು ನಿಂತಿತು. ರೆಫ್ರಿ ಅವನ ಕೈಯೆತ್ತಿದಾಗ ಫೋಟೊ ತೆಗೆದರು. ಕೈ ಬಿಟ್ಟ ಮೇಲೆ ಅವನು ಎದುರು ತಂಡದವರ ಬೆಂಚಿಗೆ ಹೋಗಿ ಅವರ ಪಕ್ಕದಲ್ಲೇ ಕೂತ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಎಲ್ಲರೂ ನಕ್ಕರು. ಕೋಚ್ ಕೂಡ ನಕ್ಕರು.

ಸಂಜೆ ಬಸ್ಸಿನಲ್ಲಿ ಹುಡುಗರು ಹಾಡುತ್ತ ಕುಣಿಯುತ್ತಿರುವಾಗ ಅವನು ಕಿಟಕಿಗೆ ಒರಗಿ ನಿದ್ದೆ ಹೋದ. ಇಳಿಯುವ ಜಾಗ ಬಂದಾಗ ಎಬ್ಬಿಸಿದರು, ಏಳಲಿಲ್ಲ.

ತಲೆಬುರುಡೆ ತೆರೆದು ರಕ್ತ ತೆಗೆದರು. ನಲವತ್ತೊಂದು ದಿನ ಆಸ್ಪತ್ರೆ. ಜೀವ ಉಳಿಯಿತು. ಬಲಗೈ ಬರಲಿಲ್ಲ. ಮಾತು ತೊದಲಿತು. ಅಕ್ಷರಗಳು ಇರುವೆಗಳ ಹಾಗೆ ಕಾಣುತ್ತವೆ ಎಂದನಂತೆ, ಓದು ಅಲ್ಲಿಗೆ ಮುಗಿಯಿತು. ಆ ವರ್ಷವೆಲ್ಲ ನೆನಪಿನಿಂದ ಒರೆಸಿಹೋಗಿತ್ತು. ಹೊಸದಾಗಿ ಏನು ಹೇಳಿದರೂ ಮರುದಿನಕ್ಕೆ ಉಳಿಯುತ್ತಿರಲಿಲ್ಲ.

ವಿಚಾರಣೆಗೆ ಮೂವರ ಸಮಿತಿ ಕೂತಿತು. ಉದ್ದನೆಯ ಮೇಜು, ಗಾಜಿನ ಲೋಟಗಳಲ್ಲಿ ನೀರು. ಅಣ್ಣ ತಮ್ಮಂದಿರನ್ನು ಅಕ್ಕಪಕ್ಕದ ಕುರ್ಚಿಗಳಲ್ಲೇ ಕೂರಿಸಿದರು. ಡಾಕ್ಟರ ಮೇಲೆ ನೀವು ಒತ್ತಡ ತಂದಿದ್ದಿರಾ ಎಂದು ಅಧ್ಯಕ್ಷರು ಕೇಳಿದರು. ವೈದ್ಯಕೀಯ ವಿಷಯದಲ್ಲಿ ತಾನು ತಲೆ ಹಾಕುವುದಿಲ್ಲ ಎಂದರು ಕೋಚ್. ಹೇಳುವಾಗ ನೀರಿನ ಲೋಟ ನೋಡುತ್ತಿದ್ದರು. ಅದೇ ಪ್ರಶ್ನೆ ತಮ್ಮನಿಗೂ ಬಂತು. ಇಲ್ಲ, ತೀರ್ಮಾನ ನನ್ನದೇ, ಸಹಿ ನನ್ನದೇ ಎಂದ ಅವನು. ಮುಗಿದ ಮೇಲೆ ಕಾರಿಡಾರಿನಲ್ಲಿ ಇಬ್ಬರೇ ಉಳಿದರು. ತಮ್ಮನೇ ಮಾತಾಡಿದ. ವಾಪಸ್ಸು ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ.

ತಮ್ಮನ ವೈದ್ಯ ನೋಂದಣಿ ಎರಡು ವರ್ಷ ಅಮಾನತಾಯಿತು. ಕ್ಲಿನಿಕ್ ಮುಚ್ಚಿ, ದೂರದ ಊರಿನ ಕಾರ್ಖಾನೆಯೊಂದಕ್ಕೆ ಸ್ಟೋರ್ ಗುಮಾಸ್ತನಾಗಿ ಹೋದ. ಅಮಾನತು ಮುಗಿದ ಮೇಲೆ ಅಲ್ಲೇ ಪ್ರಥಮ ಚಿಕಿತ್ಸೆಯ ಕೋಣೆ ಕೊಟ್ಟರು. ಮತ್ತೆ ಕ್ಲಿನಿಕ್ ಹಾಕಲೇ ಇಲ್ಲ. ಹೊರಡುವ ದಿನ ಓರಗಿತ್ತಿಯರಿಬ್ಬರೂ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ತುಂಬ ಹೊತ್ತು ಮಾತಾಡಿದರು. ಹೊರಗೆ ಬಂದಾಗ ಕೋಚರ ಹೆಂಡತಿಯ ಕಣ್ಣು ಕೆಂಪಗಿತ್ತು. ಅವತ್ತಿನಿಂದ ಗಂಡನ ಊಟ ಬಡಿಸಿಟ್ಟು ತಾವು ಬೇರೆ ಕೋಣೆಯಲ್ಲಿ ಕೂರತೊಡಗಿದರು.

ಮೊದಲ ವರ್ಷದಲ್ಲೇ ಕೋಚ್ ಒಮ್ಮೆ ಇಸ್ತ್ರಿ ಅಂಗಡಿಗೆ ಹೋಗಿದ್ದರು. ಅಕ್ಕ ಎದ್ದು ನಿಂತು, ಇದ್ದ ಒಂದೇ ಕುರ್ಚಿಯ ಮೇಲಿನ ಬಟ್ಟೆ ತೆಗೆದು ಅವರನ್ನು ಕೂರಿಸಿದಳು. ನೀವು ಅವನನ್ನ ಮಗನ ಹಾಗೆ ನೋಡಿಕೊಂಡಿರಿ ಸಾರ್, ಆ ಡಾಕ್ಟರು ಹೀಗೆ ಮಾಡಿದರೆ ನೀವೇನು ಮಾಡೋಕಾಗುತ್ತೆ ಎಂದಳು. ಚಹಾ ಕೊಟ್ಟಳು. ಅವರು ಅರ್ಧ ಲೋಟ ಬಿಟ್ಟು ಎದ್ದರು. ಮತ್ತೆ ಅತ್ತ ಹೋಗಲಿಲ್ಲ.

ಒಂದು ಟೈಟಲ್ ಬಂದಿದ್ದೇ ತಡ, ಒಳ್ಳೊಳ್ಳೆಯ ಹುಡುಗರು ತಾವಾಗಿಯೇ ಹುಡುಕಿಕೊಂಡು ಬರತೊಡಗಿದರು. ಉಗ್ರಾಣ ಹೋಗಿ ಎತ್ತರದ ಕಿಟಕಿಗಳ ಹೊಸ ಸಭಾಂಗಣ ಬಂತು. ಇಪ್ಪತ್ತೆರಡು ವರ್ಷದಲ್ಲಿ ಇನ್ನೂ ಎಂಟು ಟೈಟಲ್. ಇಬ್ಬರು ದೇಶದ ತಂಡಕ್ಕೆ ಆಡಿದರು. ಕೋಚ್‌ಗೆ ಇನ್ನೊಂದು ಹೆಸರೂ ಬಂತು: ತಲೆನೋವು ಎಂದು ಒಬ್ಬ ಹುಡುಗ ಬಾಯಿ ಬಿಟ್ಟರೆ ಸಾಕು, ಫೈನಲ್ ಆದರೂ ಸರಿ, ಕೂರಿಸಿಬಿಡುತ್ತಾರೆ. ಹಾಗೆ ಕೂರಿಸಿ ಒಂದು ವರ್ಷ ಟೈಟಲ್ಲನ್ನೇ ಬಿಟ್ಟುಕೊಟ್ಟರು. ಪತ್ರಿಕೆಯವರು ಹಾಡಿ ಹೊಗಳಿದರು. ಬೇರೆ ಕಾಲೇಜುಗಳ ಕೋಚ್‌ಗಳಿಗೆ ತಲೆಪೆಟ್ಟಿನ ಬಗ್ಗೆ ಉಪನ್ಯಾಸ ಕೊಡಲು ಕರೆಯತೊಡಗಿದರು.

ಅಂಥ ಒಂದು ಉಪನ್ಯಾಸಕ್ಕೆ ಹೆಂಡತಿಯೂ ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ಮಾತು ಮುಗಿದ ಮೇಲೆ ಯಾರೋ ಎದ್ದು ಆ ಹಳೆಯ ಘಟನೆಯ ಬಗ್ಗೆ ಕೇಳಿದರು. ಅಂದು ನಮ್ಮ ಡಾಕ್ಟರು ಒಪ್ಪಿಗೆ ಬರೆದುಕೊಟ್ಟಿದ್ದರು, ಅದರಿಂದ ನಾನು ಕಲಿತದ್ದು ಬಹಳ ಎಂದರು ಕೋಚ್. ಮೂರನೇ ಸಾಲಿನಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಅವರು ಮನೆಗೆ ಬಂದಾಗ ಹೆಂಡತಿ ಬಾಗಿಲ ಬಳಿಯೇ ನಿಂತಿದ್ದರು.

“ನೀವು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಅಂತ ಹುಡುಕ್ತಾ ಬಂದೆ. ದಾರಿಯುದ್ದಕ್ಕೂ ಹುಡುಕಿದೆ. ಒಂದಕ್ಷರ ಸಿಗಲಿಲ್ಲ. ಅಷ್ಟು ಚೆನ್ನಾಗಿ ಹೇಳಿದ್ರಿ.”

ಕೋಚ್ ಚಪ್ಪಲಿ ಬಿಟ್ಟು ಒಳಗೆ ಹೋದರು. ಅದಾದ ಮೇಲೂ ಉಪನ್ಯಾಸ ಕೊಟ್ಟರು. ಹೆಂಡತಿ ಬರಲಿಲ್ಲ, ಅಷ್ಟೇ.

ನಿವೃತ್ತಿಗೆ ಎರಡು ತಿಂಗಳಿರುವಾಗ ಕಾಲೇಜಿನವರು ಅವರ ಬಗ್ಗೆ ಒಂದು ಪುಸ್ತಿಕೆ ತರಲು ಹೊರಟರು. ಅಚ್ಚಿಗೆ ಮೊದಲು ನೀವೊಮ್ಮೆ ನೋಡಿ ಎಂದು ಕರಡು ಕಳಿಸಿದರು. ಕೋಚ್ ಕನ್ನಡಕ ಹಾಕಿಕೊಂಡು ಕೆಂಪು ಪೆನ್ನು ಹಿಡಿದು ಕೂತರು. ಹದಿನಾಲ್ಕನೇ ಪುಟದಲ್ಲಿ ಹೀಗಿತ್ತು: ‘ವೈದ್ಯರ ನಿರ್ಲಕ್ಷದಿಂದ ಒಬ್ಬ ಪ್ರತಿಭಾವಂತ ಪಟುವನ್ನು ಕಳೆದುಕೊಂಡ ನೋವು ಅವರನ್ನು ಇನ್ನಷ್ಟು ಎಚ್ಚರದ ಗುರುವನ್ನಾಗಿಸಿತು.’ ನಿರ್ಲಕ್ಷ ಎಂಬಲ್ಲಿ ಯ ಒತ್ತು ಬಿಟ್ಟುಹೋಗಿತ್ತು. ಅವರು ಅದನ್ನು ತಿದ್ದಿದರು. ತಿದ್ದಿದ ಮೇಲೆಯೇ ತಾವು ಏನು ಮಾಡಿದೆವೆಂದು ಅವರಿಗೆ ಕಂಡಿತು. ಇಡೀ ಸಾಲಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಡಾಕ್ಟರು ಬೇಡವೆಂದರು. ನಾನು ಒತ್ತಾಯ ಮಾಡಿ ಸಹಿ ಹಾಕಿಸಿದೆ’ ಎಂದು ಬರೆದರು. ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಡಿಗೆ ಹೋದರು.

ಅಂಗಡಿ ಅಲ್ಲೇ ಇತ್ತು. ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಎತ್ತರದ ಸ್ಟೂಲಿನ ಮೇಲೆ ಬೆಂಡು ಕೂತು, ಬಲಗೈಯನ್ನು ಬಟ್ಟೆಯ ಮೇಲೆ ಭಾರಕ್ಕೆ ಇಟ್ಟು, ಎಡಗೈಯಿಂದ ಟವೆಲ್ ಮಡಿಸುತ್ತಿದ್ದ. ನಲವತ್ತೆರಡು ವರ್ಷದ, ದಪ್ಪಗಾದ ಮನುಷ್ಯ. ಕೋಚರನ್ನು ನೋಡಿದ ತಕ್ಷಣ ಅವನ ಮುಖ ಅರಳಿತು. ಹಳೆಯದೆಲ್ಲ ಅವನಿಗೆ ನೆನಪಿತ್ತು. ಹೋದದ್ದು ಆ ಒಂದು ವರ್ಷ ಮಾತ್ರ.

“ಸಾರ್, ಫೈನಲ್ ಆಡಿದ್ನಂತೆ ನಾನು, ಬೆಳಿಗ್ಗೆ ಅಕ್ಕ ಹೇಳಿದ್ಲು,” ಎಂದ, ಒಂದೊಂದೇ ಪದ ಹುಡುಕಿಕೊಂಡು. “ಹೇಗೆ ಆಡ್ದೆ? ಅಕ್ಕನಿಗೆ ಹೇಳೋಕೆ ಬರಲ್ಲ.”

ಕೋಚ್ ಹೇಳಿದರು. ಮೊದಲ ಸೀಟಿಯಿಂದ ಹಿಡಿದು ಹೇಳಿದರು. ಎದುರಾಳಿ ಮೊದಲು ಯಾವ ಕಾಲಿಗೆ ಬಂದ, ಇವನು ಸೊಂಟ ಹೇಗೆ ಕೊಟ್ಟ, ಎರಡು ಪಾಯಿಂಟ್ ಹೇಗೆ ಹೋಯಿತು, ಕೊನೆಗೆ ಕೆಳಗಿನಿಂದ ಮೊಣಕೈ ಹೇಗೆ ಬಿಡಿಸಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದು ಹೆಜ್ಜೆಯನ್ನೂ ಮರೆತಿರಲಿಲ್ಲ. ಬೆಂಡು ಟವೆಲ್ ಬಿಟ್ಟು ಬಾಯಿ ತೆರೆದು ಕೇಳಿದ. ಚಿತ್ ಮಾಡಿದ ಜಾಗಕ್ಕೆ ಬಂದಾಗ ಎಡಗೈಯಿಂದ ತೊಡೆ ತಟ್ಟಿಕೊಂಡು ನಕ್ಕ. ಅಕ್ಕನೂ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ನಗುತ್ತಿದ್ದಳು. ಆಗ ಕೋಚ್ ಉಳಿದದ್ದನ್ನೂ ಹೇಳಿದರು. ತರಗತಿಯ ಕೋಣೆ, ಸೆಪ್ಟೆಂಬರ್, ತಾವು ಕೇಳಿದ ಆ ಒಂದು ಪ್ರಶ್ನೆ. ಸಮಿತಿಯ ಎದುರು ಹೇಳಿದ ಮಾತು. ಆ ಡಾಕ್ಟರು ತಮ್ಮ ಒಡಹುಟ್ಟಿದವನೆಂಬುದು ಆಕೆಗೆ ಗೊತ್ತಿರಲಿಲ್ಲ, ಅದನ್ನೂ ಹೇಳಿದರು.

ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಅರ್ಧ ಬಿಟ್ಟಿದ್ದ ಅಂಗಿಯ ತೋಳು ಮುಗಿಸಿದಳು. ಕಾಲರ್ ಮುಗಿಸಿದಳು. ಮಡಿಸಿ ಬದಿಗಿಟ್ಟಳು.

“ದಿನಾ ಎದ್ದ ತಕ್ಷಣ ಆ ಡಾಕ್ಟರಿಗೆ ಶಾಪ ಹಾಕ್ತಿದ್ದೆ ಸಾರ್. ಮುಖ ತೊಳೆಯೋಕೂ ಮುಂಚೆ. ಅವರ ವಂಶ ಅಳಿಯಲಿ ಅಂದಿದೀನಿ. ಕೈ ಬಿದ್ದುಹೋಗ್ಲಿ ಅಂದಿದೀನಿ. ನಿಮಗೆ ಒಳ್ಳೇದಾಗ್ಲಿ ಅಂದಿದೀನಿ. ಅಷ್ಟನ್ನೂ ಈಗ ವಾಪಸ್ ತಗೊಳ್ಳೋದು ಹೇಗೆ?”

ಆಕೆ ಡಾಕ್ಟರ ವಿಳಾಸ ಕೇಳಿದಳು. ಕೋಚ್ ಹಳೆಯ ಬಿಲ್ಲೊಂದರ ಹಿಂದೆ ಬರೆದುಕೊಟ್ಟರು. ಇನ್ನು ಈ ಕಡೆ ಬರಬೇಡಿ ಎಂದಳು. ದನಿ ಏರಿಸಲಿಲ್ಲ, ಬಹುವಚನವನ್ನೂ ಬಿಡಲಿಲ್ಲ. ಅವರು ಎದ್ದಾಗ ಬೆಂಡು ಮತ್ತೆ ಬರ್ತೀರಾ ಸಾರ್ ಎಂದು ಕೇಳಿದ. ಅವರು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು.

“ಬೇಡ, ಏನೂ ಹೇಳ್ಬೇಡಿ. ನಾಳೆಗೆ ಅವನಿಗೆ ಇದೇನೂ ನೆನಪಿರಲ್ಲ. ಗೆದ್ದದ್ದೂ ನೆನಪಿರಲ್ಲ, ನೀವು ಮಾಡಿದ್ದೂ ನೆನಪಿರಲ್ಲ. ಅದೆಲ್ಲ ನಾನೇ ಇಟ್ಕೋಬೇಕು.”

ಹತ್ತು ದಿನ ಕಳೆದ ಮೇಲೆ ಮಧ್ಯಾಹ್ನ ತಮ್ಮನ ಫೋನು ಬಂತು. ಎಷ್ಟೋ ವರ್ಷಗಳಿಂದ ಓರಗಿತ್ತಿಯರ ನಡುವೆ ಬಿಟ್ಟರೆ ಎರಡು ಮನೆಗಳ ಮಧ್ಯೆ ಮಾತಿರಲಿಲ್ಲ. ಆ ಹೆಣ್ಣುಮಗಳು ಬಂದಿದ್ದರು ಎಂದ. ಅವನ ದನಿ ಥೇಟ್ ಅಪ್ಪನ ದನಿಯಾಗಿತ್ತು. ಆಕೆ ಮೂರು ಬಸ್ಸು ಬದಲಾಯಿಸಿ ಕಾರ್ಖಾನೆಯ ಗೇಟಿಗೆ ಹೋಗಿ, ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಅವನೆದುರು ಕೈಮುಗಿದು ತಪ್ಪಾಯಿತು ಎಂದಳಂತೆ. ತಮ್ಮ ಆಕೆಯನ್ನು ಕೂರಿಸಿ ನೀರು ಕೊಟ್ಟನಂತೆ.

“ಕ್ಷಮೆ ಕೇಳೋದು ನೀವಲ್ಲಮ್ಮ ಅಂದೆ,” ಎಂದ ತಮ್ಮ. “ಅಣ್ಣ ಕೇಳಿದ, ನಿಜ. ಬರೆದದ್ದು ನಾನು. ಆಗಲ್ಲ ಅಂತ ಇನ್ನೊಂದು ಸಲ ಹೇಳಿದ್ರೆ ಸಾಕಿತ್ತು. ನಾನು ಹೇಳಲಿಲ್ಲ.”

ಕೋಚ್ ಅವನ ಹೆಸರು ಹಿಡಿದು ಕರೆದರು.

“ನೀನು ಈಗ ಹೇಳಿದ್ದರಿಂದ ನನಗೇನೂ ಹಗುರ ಆಗ್ಲಿಲ್ಲ ಅಣ್ಣ. ಆಗಿರಬಹುದು ಅಂತ ನೀನು ಅಂದ್ಕೊಂಡು ಕೂರಬಾರದು. ಅದಕ್ಕೇ ಫೋನ್ ಮಾಡ್ದೆ.” ಅತ್ತಿಗೆಯನ್ನು ವಿಚಾರಿಸಿದೆ ಎಂದು ಹೇಳು ಎಂದು ಸೇರಿಸಿ ಫೋನ್ ಇಟ್ಟುಬಿಟ್ಟ.

ಪ್ರಿನ್ಸಿಪಾಲರು ಕೋಚರನ್ನು ಕರೆಸಿ ಕರಡಿನ ಆ ಪುಟವನ್ನು ಮೇಜಿನ ಮೇಲಿಟ್ಟರು. ಸಾರ್, ನಿಮ್ಮ ದೊಡ್ಡತನ ನಮಗೆ ಅರ್ಥವಾಗುತ್ತೆ, ಆದರೆ ಇದನ್ನು ಅಚ್ಚು ಹಾಕಿದರೆ ಕಾಲೇಜು ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತೆ ಎಂದು ನಯವಾಗಿ ಹೇಳಿದರು. ದೊಡ್ಡತನವಲ್ಲ, ನಡೆದದ್ದು ಎಂದರು ಕೋಚ್. ಪ್ರಿನ್ಸಿಪಾಲರು ನೋಡೋಣ ಎಂದರು.

ಬೀಳ್ಕೊಡುಗೆಗೆ ಕೋಚ್ ಹೋಗಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದರು. ಸಂಜೆ ತಂಡದ ಹುಡುಗರು ಹೂಗುಚ್ಛವನ್ನೂ ಪುಸ್ತಿಕೆಯನ್ನೂ ಮನೆಗೇ ತಂದುಕೊಟ್ಟು, ಕಾಲಿಗೆ ಬಿದ್ದು ಹೋದರು. ಹೆಂಡತಿ ದೀಪದ ಕೆಳಗೆ ಕೂತು ಪುಸ್ತಿಕೆಯ ಪುಟ ತಿರುವಿದರು. ಒಂಬತ್ತು ಟೈಟಲ್‌ಗಳ ಪಟ್ಟಿ ಇತ್ತು. ರೆಫ್ರಿ ಎತ್ತಿ ಹಿಡಿದ ಕೈಯ ಆ ಹಳೆಯ ಫೋಟೊ ಇತ್ತು, ಕೆಳಗೆ ಬರೀ ಇಸವಿ. ಹದಿನಾಲ್ಕನೇ ಪುಟದಲ್ಲಿ ಡಾಕ್ಟರೂ ಇರಲಿಲ್ಲ, ಒತ್ತಾಯವೂ ಇರಲಿಲ್ಲ. ಆ ಪ್ಯಾರಾವನ್ನೇ ತೆಗೆದುಹಾಕಿದ್ದರು.

“ಹುಡುಗನನ್ನೇ ಬಿಟ್ಟುಬಿಟ್ಟರಲ್ಲ,” ಎಂದರು ಹೆಂಡತಿ.

ಕೋಚ್ ಹೂಂ ಎಂದರು. ಹೆಂಡತಿ ಪುಸ್ತಿಕೆ ಮುಚ್ಚಿ, ಎದ್ದು ಹೋಗಿ ಎರಡು ತಟ್ಟೆ ತಂದರು. ಅವತ್ತು ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಊಟ ಮಾಡಿದರು. ಮರುದಿನದಿಂದ ಹೆಂಡತಿ ಮನೆಯ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಆ ಇಸ್ತ್ರಿ ಅಂಗಡಿಗೇ ಹೋಗತೊಡಗಿದರು. ಅಂಗಿಗಳು ವಾಪಸ್ಸು ಬರುತ್ತಿದ್ದವು. ಒಂದೇ ಕೈಯಲ್ಲಿ ಮಡಿಸಿದ್ದರಿಂದ ಒಂದು ಅಂಚು ಯಾವಾಗಲೂ ಸ್ವಲ್ಪ ಹೊರಗೆ ಬಂದಿರುತ್ತಿತ್ತು.